ಮಾವನಿಗೆ ಗೊರಿಲ್ಲಾ ತೋರಿಸಲು ಹೊರಟೆ

ಪ್ರವಾಸಿಗರ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಎಂಟು ವರ್ಷ ಗೊರಿಲ್ಲಾಗಳಿರುವ ಬ್ವಿಂಡಿ ಕಾಡು ಹತ್ತಿ ಇಳಿದವನು ನಾನು. ಅಲ್ಲಿನ ಒಂದೊಂದು ಬಿದಿರಿಗೂ ನನ್ನ ಪರಿಚಯವಿದೆ! ಆ ಧೈರ್ಯದಲ್ಲೇ ನಮ್ಮ ಮನೆಗೆ ಬಂದಿದ್ದ ಮಾವ ಕರೆಮೇರನವರ ಮುಂದೆ ಘೋಷಿಸಿಬಿಟ್ಟೆ: "ನಾಳೆ ಊಟದ ಹೊತ್ತಿಗೆ ನಿಮಗೆ ಗೊರಿಲ್ಲಾ ದರ್ಶನ ಗ್ಯಾರಂಟಿ!"

ಮಾವ ಸರೋವರದಲ್ಲಿ ನಲವತ್ತು ವರ್ಷ ದೋಣಿ ನಡೆಸಿದವರು. ಮಗಳನ್ನು ಕೊಟ್ಟಂದಿನಿಂದ ನನ್ನನ್ನು ಅವರು ತೂತುಬಿದ್ದ ದೋಣಿಯನ್ನು ನೋಡುವಂತೆಯೇ ನೋಡುತ್ತಾರೆ. ಈ ಒಂದು ದರ್ಶನದಿಂದ ಆ ನೋಟ ಬದಲಾಗಬೇಕಿತ್ತು.

ಬೆಳಿಗ್ಗೆ ರಾಗಿ ಅಂಬಲಿ ಕೊಡುತ್ತಾ ಹೆಂಡತಿ ಕೆಬಿರುಂಗಿ ಹೇಳಿದಳು: "ರೀ, ಮಂಜು ಜಾಸ್ತಿ ಇದೆ. ದಾರಿ ತಪ್ತೀರಾ."

"ನಾನಾ? ದಾರೀನೇ ನನ್ನ ಕೇಳ್ಕೊಂಡು ಹೋಗುತ್ತೆ ಕಣೇ!"

ಊರವರು ಜೇನುಪೆಟ್ಟಿಗೆ ಇಡುವ ಅಂಚಿನ ಕಾಡಿಗೆ ನುಗ್ಗಿದೆವು. ಐದೇ ನಿಮಿಷದಲ್ಲಿ ಮಂಜು ನನ್ನ ಕೈಯನ್ನೇ ನನ್ನಿಂದ ಮರೆಮಾಡಿತು. ಆದರೂ ಬಗ್ಗಿ, ನೆಲದ ಮೇಲಿದ್ದುದನ್ನು ಕೋಲಿನಿಂದ ಮೀಟಿ, "ಬಿಸಿ ಆರಿಲ್ಲ ಮಾವ! ಯಜಮಾನ ಗೊರಿಲ್ಲಾನೇ!" ಎಂದೆ.

ಮುಂದಿನಿಂದ "ಅಂಬಾ" ಎಂಬ ಉತ್ತರ ಬಂತು.

"ನಿಮ್ ಕಡೆ ಗೊರಿಲ್ಲಾಗೆ ಕೋಡೂ ಇರುತ್ತಾ ಅಳಿಯಂದ್ರೇ?" ಎಂದರು ಮಾವ.

ಅಲ್ಲಿಂದ ಎಡಕ್ಕೆ ತಿರುಗಿದೆ. ತುರಿಕೆ ಗಿಡ ಮೊಣಕಾಲು ಸುಟ್ಟಿತು. ಕೆಂಜಿಗಗಳು ಪ್ಯಾಂಟಿನೊಳಗೆ ಸಭೆ ಸೇರಿದವು. ಒಂದು ಗಂಟೆಯ ಮೇಲೆ ಕೆಸರಿನಲ್ಲಿ ದೊಡ್ಡದೊಂದು ಹೆಜ್ಜೆಗುರುತು ಸಿಕ್ಕಿತು. "ನೋಡಿ ಮಾವ! ಎಂಥಾ ಪಾದ!"

ಮಾವ ತಮ್ಮ ಬೂಟನ್ನು ಅದರ ಮೇಲಿಟ್ಟರು. ಅಳತೆ ಸರಿಯಾಗಿ ಕೂತಿತು. "ಬೆಳಿಗ್ಗೆ ನಾನೇ ಇಟ್ಟಿದ್ದು. ಚೆನ್ನಾಗಿದೆಯಾ?"

ಎಡಕ್ಕೆ ಹೋದರೆ ಅದೇ ಬಿದಿರು. ಬಲಕ್ಕೆ ಹೋದರೂ ಅದೇ ಬಿದಿರು. ನನ್ನ ಪರಿಚಯವಿದ್ದ ಒಂದೂ ಮಾತಾಡಲಿಲ್ಲ! ಉತ್ತರ ಯಾವುದು, ದಕ್ಷಿಣ ಯಾವುದು, ಮಾವ ಯಾರು, ನಾನು ಯಾರು ಎಂಬುದೆಲ್ಲ ಕಲಸಿಹೋಯಿತು. ಮಾವ ಹಿಂದಿನಿಂದ ಸಿಳ್ಳೆ ಹಾಕುತ್ತಾ ಬರುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಕಳೆದ ಮೇಲೆ ಹೊಗೆಯ ವಾಸನೆ ಬಂತು. ಮಂಜಿನಲ್ಲಿ ಬಾಳೆತೋಟ, ಒಂದು ಹಂಚಿನ ಮನೆ, ಬಾಗಿಲಲ್ಲಿ ಒಬ್ಬ ಹೆಂಗಸು. ಗಂಟಲು ಸರಿಪಡಿಸಿಕೊಂಡು, ತೀರ ಗೌರವದಿಂದ ಕೇಳಿದೆ:

"ಅಮ್ಮಾ, ಇದು ಯಾವ ಊರು?"

"ಅಯ್ಯೋ, ನಿಮಗೇನಾಯ್ತ್ರೀ?" ಎಂದಿತು ನನ್ನ ಹೆಂಡತಿಯ ಕಂಠ.

ಮಾವ ಬೇರೆಡೆಗೆ ಮುಖ ತಿರುಗಿಸಿದರು. ನಗುವಿಗೆ ಭುಜಗಳು ಕುಲುಕುತ್ತಿದ್ದವು.

ಆಗ ತೋಟದ ಸ್ಥಿತಿ ಕಣ್ಣಿಗೆ ಬಿತ್ತು. ಎಂಟು ಬಾಳೆಗಿಡಗಳು ಸೀಳಿಹೋಗಿ ನೆಲದಲ್ಲಿ ಮಲಗಿದ್ದವು. ಒಳಗಿನ ದಿಂಡೇ ಇರಲಿಲ್ಲ! "ಇದೇನೇ ಇದು?"

"ಗೊರಿಲ್ಲಾಗಳು! ನೀವು ಹೊರಟ ಸ್ವಲ್ಪ ಹೊತ್ತಿಗೇ ಬಂದ್ವು. ಹನ್ನೊಂದು! ಬೆನ್ನು ಬೆಳ್ಳಗಾದ ಯಜಮಾನ ಅಲ್ಲೇ ಕೂತು ಊಟ ಮಾಡ್ದ. ಈಗಷ್ಟೇ ಹೋದ್ವು."

"ತಟ್ಟೆ ಬಡಿದು ಓಡಿಸ್ಬಾರ್ದಾಗಿತ್ತಾ?"

"ಹೇಗ್ರೀ ಬಡೀಲಿ? ಒಂದು ಮರಿ ಅಮ್ಮನ ಬೆನ್ನ ಮೇಲಿಂದ ನನ್ನೇ ನೋಡ್ತಿತ್ತು. ಉಸಿರಾಡೋದೇ ಮರೆತೋಯ್ತು." ಅವಳ ಕಣ್ಣುಗಳು ಇನ್ನೂ ಹೊಳೆಯುತ್ತಿದ್ದವು.

ಮಾವ ಮೆಲ್ಲನೆ ಬೂಟು ಬಿಚ್ಚಿ, ಬಾಗಿಲ ಮುಂದೆ ತೋಟಕ್ಕೆ ಎದುರಾಗಿ ಸ್ಟೂಲು ಹಾಕಿಕೊಂಡು ಕುಳಿತರು.

"ಅಳಿಯಂದ್ರೇ, ನಾನು ಇನ್ನೆರಡು ದಿನ ಇಲ್ಲೇ ಇರ್ತೀನಿ. ನಾಳೆ ಬೆಳಿಗ್ಗೆ ನೀವೊಬ್ರೇ ಕಾಡಿಗೆ ಹೋಗಿಬಿಡಿ. ನೀವು ಮನೇಲಿ ಇಲ್ಲ ಅಂದ್ರೇನೇ ಅವು ಬರೋದು!"