ಟೊಂಕದ ಡಾಕ್ಟರು ಕನ್ಯೆ ನೋಡಿದ್ದು

ಕಣ್ಣಿನ ಡಾಕ್ಟರಿಗೆ, ಹಲ್ಲಿನ ಡಾಕ್ಟರಿಗೆ ಇಲ್ಲದ ಭಾಗ್ಯ ನನಗೊಂದಿದೆ. ನನ್ನ ಕೆಲಸ ಏನು ಎಂದು ಹೇಳಿದರೆ ಸಾಕು, ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಅತ್ತಿತ್ತ ನೋಡಿ ತಮಗೆಲ್ಲಿ ನೋವು ಎಂದು ಪಿಸುಗುಡುತ್ತಾರೆ. ಹೀಗಾಗಿ ನನ್ನ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಒಂದು ಮರೆಯುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ.

ನಾನು ಫಿಸಿಯೋಥೆರಪಿ ಮಾಡುವವನು. ಹಾನಗಲ್ಲಿನ ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ನನ್ನ ಕೋಣೆ. ಆ ಮೆಟ್ಟಿಲು ಹತ್ತಬಲ್ಲವರಿಗೆ ನನ್ನ ಅಗತ್ಯವಿಲ್ಲ; ಅಗತ್ಯವಿದ್ದವರು ಹತ್ತಲಾರರು. ಅದಕ್ಕೆ ಎಷ್ಟೋ ಸಲ ನಾನೇ ಇಳಿದು ಬಂದು ಗೊಬ್ಬರದ ಚೀಲದ ಮೇಲೆ ಅವರನ್ನು ಮಲಗಿಸಿ ನೋಡುತ್ತೇನೆ. ದಿನವಿಡೀ ಬಗ್ಗಿ ಭತ್ತ ನಾಟಿ ಮಾಡುವ ಸೀಮೆ ಇದು. ಬರುವವರಲ್ಲಿ ಹೆಚ್ಚಿನವರದು ಸೊಂಟ, ಪಿರ್ರೆ, ತೊಡೆಯ ಕೀಲು. ಜನ ನನಗೆ ಟೊಂಕದ ಡಾಕ್ಟರು ಎಂದು ಹೆಸರಿಟ್ಟಿದ್ದಾರೆ. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸುಸ್ತಾಗಿ ಬಿಟ್ಟಿದ್ದೇನೆ.

ನಲವತ್ತು ದಾಟಿದೆ, ಮದುವೆಯಾಗಿಲ್ಲ. ಊಟ ಖಾನಾವಳಿಯಲ್ಲಿ. ಸಂಜೆ ಕೋಣೆಯ ಕಿಟಕಿಯಲ್ಲಿ ಕುಳಿತರೆ ಕೆಳಗೆ ರಸ್ತೆಯಲ್ಲಿ ಜನ ಮನೆಗೆ ಹೋಗುವುದು ಕಾಣುತ್ತದೆ. ಬೆನ್ನು ನೋಡಿ, ನಡಿಗೆ ನೋಡಿ ಇಂಥವರೇ ಎಂದು ಹೇಳಬಲ್ಲೆ. ಎದುರಿಗೆ ಬಂದು ಮಾತಾಡಿಸಿದರೆ ಮಾತ್ರ ಗುರುತು ಸಿಗುವುದಿಲ್ಲ. ಒಬ್ಬರಾದರೂ ನನ್ನ ಕಡೆ ನಡೆದು ಬರುವವರು ಇರಬೇಕಿತ್ತು ಎಂದು ಬಹಳ ಸಲ ಅನಿಸಿದೆ.

ಸೊಸೆಯ ಟೊಂಕ

ತಿಳವಳ್ಳಿ ಕಡೆಯ ಒಬ್ಬ ಅಜ್ಜಿ ಸೊಸೆಯನ್ನು ಕರೆದುಕೊಂಡು ಬಂದರು. ನೋವು ಅಜ್ಜಿಗೆ. ಎಲ್ಲಿ ಎಂದು ತೋರಿಸಿ ಅಂದೆ. ಪರಗಂಡಸಿನ ಮುಂದೆ ತನ್ನ ಟೊಂಕವನ್ನು ತಾನೇ ಮುಟ್ಟಿ ತೋರಿಸುವುದುಂಟೇ? ಅಜ್ಜಿ ಸೊಸೆಯನ್ನು ಆ ಕಡೆ ತಿರುಗಿಸಿ ನಿಲ್ಲಿಸಿ, ಅವಳ ಎಡಗಡೆಯ ಪಿರ್ರೆಗೆ ಬೆರಳು ಒತ್ತಿ, "ಇಲ್ಲೆ ಸುರುವಾಕ್ಕೇತ್ರಿ, ಹಿಂಗ ಕೆಳಗ ಇಳೀತೈತಿ" ಅಂದರು. ಸೊಸೆ ಗೋಡೆ ನೋಡುತ್ತ ನಿಂತಿದ್ದಳು. ಅವಳಿಗೆ ಇದು ರೂಢಿಯಾದಂತಿತ್ತು.

ನಾನೂ ಸೊಸೆಗೇ ಕಲಿಸಿಕೊಟ್ಟೆ. ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಟೊಂಕ ಎತ್ತುವುದು. ಬೆಳಿಗ್ಗೆ ಸಂಜೆ ತಪ್ಪಿಸಬಾರದು ಎಂದು ತಾಕೀತು ಮಾಡಿದೆ.

ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದರು. ಹೇಗಿದೆ ಅಂದೆ.

"ಒಂದ ದಿನಾನೂ ತಪ್ಪಿಸಿಲ್ರಿ," ಅಂದರು ಅಜ್ಜಿ. "ಮುಂಜಾನೆ ಸಂಜಿಕೆ ಎದುರಿಗೆ ಕುಂತು ಮಾಡಿಸೇನಿ. ಸೊಸಿ ಟೊಂಕ ಈಗ ಭಾಳ ಗಟ್ಟಿ ಆಗೇತಿ. ನಂದಷ್ಟ ಹಂಗ ಐತ್ರಿ."

ಸೊಸೆ ಅತ್ತೆಯನ್ನು ಅನಾಮತ್ತಾಗಿ ಎತ್ತಿಕೊಂಡು ಮೆಟ್ಟಿಲಿಳಿದಳು. ವ್ಯಾಯಾಮ ವ್ಯರ್ಥವಾಗಿರಲಿಲ್ಲ. ನಕ್ಕು ಮುಗಿದ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನಗೆ ಟೊಂಕ ಹಿಡಿದರೆ ಯಾರನ್ನು ನಿಲ್ಲಿಸಿ ತೋರಿಸಲಿ?

ಚಾಚಾನ ಹಿಂದಿನ ಕಿಸೆ

ತಿಂಗಳಿಗೊಮ್ಮೆ ಸವಣೂರಿಗೂ ಹೋಗಿ ರೋಗಿಗಳನ್ನು ನೋಡುತ್ತೇನೆ. ಅಲ್ಲಿನ ವೀಳ್ಯದೆಲೆ ವ್ಯಾಪಾರಿ ಚಾಚಾಗೆ ಬಲಗಾಲು ಜೋಮು ಹಿಡಿಯುತ್ತಿತ್ತು. ಪರೀಕ್ಷೆ ಮಾಡುವ ಮೊದಲೇ ಕಾರಣ ಕಾಣಿಸಿತು. ಪ್ಯಾಂಟಿನ ಹಿಂದಿನ ಕಿಸೆಯಲ್ಲಿ ಇಟ್ಟಿಗೆ ಗಾತ್ರದ ಪರ್ಸು. ಅದರ ಮೇಲೆಯೇ ದಿನವೆಲ್ಲ ಕೂಡುವುದು.

"ಚಾಚಾ, ಪಿರ್ರಿ ಮಾಂಸದ ಕೆಳಗ ಬೆರಳಿನಷ್ಟ ದಪ್ಪ ನರ ಇಳೀತೈತಿ. ನೀವು ಪರ್ಸ್ ಇಟ್ಟು ಅದನ್ನ ಜಜ್ಜಾಕತ್ತೀರಿ. ಖಾಲಿ ಮಾಡ್ರಿ" ಅಂದೆ.

ಚಾಚಾ ಪರ್ಸು ಬಿಚ್ಚಿದರು. ತೀರಿಕೊಂಡ ಹೆಂಡತಿಯ ಫೋಟೋ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ತಾಯಿತ. ಒಂದೊಂದನ್ನೂ ನನಗೆ ಪರಿಚಯ ಮಾಡಿಸಿ ಮತ್ತೆ ಒಳಗಿಟ್ಟರು. "ಯಾರನ್ನ ತಗೀಲಿ ಹೇಳ್ರಿ. ಎಲ್ಲಾರೂ ನಮ್ಮವರ." ಹಾಗಾದರೆ ಆ ಕಿಸೆಯಲ್ಲಾದರೂ ಇಡಬೇಡಿ ಅಂದೆ.

ಮುಂದಿನ ಸಲ ಸವಣೂರಿಗೆ ಹೋದಾಗ ಖುಷಿಯಿಂದ ಬಂದರು. "ಬಲಗಾಲ ಏಕದಂ ಆರಾಮ್. ಈಗ ಎಡಗಾಲ ಹಿಡದೈತಿ."

ಅಂಗಿಯ ಮೇಲ್ಗಿಸೆಯಲ್ಲಿ ಇಡಿ ಅಂದೆ. "ಎದಿ ಮ್ಯಾಲ ಇಷ್ಟ ಮಂದಿ ಕುಂತ್ರ ಉಸರಾಡೂದು ಹ್ಯಾಂಗ್ರಿ?" ಅಂದರು ಚಾಚಾ. ನನ್ನ ಪರ್ಸಿನಲ್ಲಿರುವುದು ಅಕ್ಕನದೊಂದೇ ಫೋಟೋ. ಈ ಕಾಯಿಲೆ ನನಗೆ ಬರುವ ಸಂಭವವಿಲ್ಲ.

ಶಿಗ್ಗಾವಿ ಬಸ್ಸು

ಶಿಗ್ಗಾವಿಯಲ್ಲೊಂದು ಶಿಬಿರವಿತ್ತು. ಜನರಿಗೆ ತೋರಿಸಲೆಂದು ಸೊಂಟದ ಎಲುಬಿನ ಪ್ಲಾಸ್ಟಿಕ್ ಮಾದರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಚೀಲ ಹರಿಯಿತು. ಎಲುಬನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಖಾಲಿ ಸೀಟು ನನಗೆ ಹೊಸದಲ್ಲ, ಆದರೆ ತುಂಬಿದ ಬಸ್ಸಿನಲ್ಲಿ ಅದು ಜಾಸ್ತಿಯೇ ಖಾಲಿ ಕಾಣುತ್ತದೆ.

ಬಂಕಾಪುರ ಹತ್ತಿರ ಬರುವಾಗ ಎದುರಿಗೆ ನಿಂತಿದ್ದ ಮುದುಕರೊಬ್ಬರು ತಡೆಯಲಾರದೆ ಕೇಳಿದರು. "ಯಾರದ್ರಿ ಅದು?"

"ಯಾರದೂ ಅಲ್ರಿ. ಪ್ಲಾಸ್ಟಿಕ್ ಐತಿ."

"ಅದಿರಲಿ. ಗಂಡಸಿಂದೋ ಹೆಂಗಸಿಂದೋ?"

ಹೆಂಗಸರ ಸೊಂಟದ ಎಲುಬು ಅಗಲ, ನಡುವಿನ ಕಿಂಡಿ ದೊಡ್ಡದು. ಇದು ಅಂಥದ್ದೇ ಮಾದರಿ. ಕಸುಬಿನ ಹುಮ್ಮಸ್ಸಿನಲ್ಲಿ, "ಹೆಂಗಸಿಂದ್ರಿ" ಅಂದುಬಿಟ್ಟೆ. ಇಡೀ ಬಸ್ಸು ಕತ್ತು ತಿರುಗಿಸಿತು.

ಅಷ್ಟರಲ್ಲಿ ಕಂಡಕ್ಟರ್ ಬಂದ. ನನ್ನನ್ನು ನೋಡಿದ, ತೊಡೆಯ ಮೇಲಿದ್ದುದನ್ನು ನೋಡಿದ. "ಅವರಿಗೆ ಫ್ರೀ ಐತ್ರಿ. ನಿಮ್ಮದೊಂದ ಟಿಕೆಟ್ ತಗೋರಿ."

ಮೊದಲನೆಯ ಕನ್ಯೆ

ಹಿರೇಕೆರೂರಿಗೆ ಕೊಟ್ಟ ಅಕ್ಕ ನನಗೆ ಹೆಣ್ಣು ಹುಡುಕುವುದನ್ನು ಬಿಟ್ಟಿರಲಿಲ್ಲ. ಸವಣೂರು ಕಡೆಯ ಹಳ್ಳಿಯಲ್ಲಿ ಒಂದು ಮನೆಗೆ ಕರೆದುಕೊಂಡು ಹೋದಳು. ಹುಡುಗಿ ಫಳಾರದ ತಾಟು ತಂದಿಟ್ಟು ಕುಳಿತಳು. ಸ್ವಲ್ಪ ಹೊತ್ತಿಗೆ ಅಕ್ಕ, "ಒಂದ ತಂಬಗಿ ನೀರ ತಗೊಂಬಾರವಾ" ಅಂದಳು. ನೀರಡಿಕೆಗಲ್ಲ. ಹುಡುಗಿ ಎದ್ದು ನಡೆಯಲಿ, ಕಾಲಿನಲ್ಲಿ ಊನವಿದ್ದರೆ ತಿಳಿಯಲಿ ಎಂದು ನಮ್ಮ ಕಡೆ ಹೆಂಗಸರು ಮಾಡುವ ಉಪಾಯ. ನಡಿಗೆ ನೋಡುವುದು ಹೆಂಗಸರ ಕೆಲಸ, ಮುಖ ನೋಡುವುದು ವರನ ಕೆಲಸ. ನಾನು ಅಭ್ಯಾಸಬಲದಿಂದ ಅಕ್ಕನ ಕೆಲಸವನ್ನೂ ಮಾಡಿದೆ.

"ಹುಡುಗಿ ಹ್ಯಾಂಗ ಅನಿಸಿದ್ಲ್ರಿ?" ಎಂದು ಅವಳಪ್ಪ ಕೇಳಿದರು.

"ಪಾದ ಎರಡೂ ಹೊರಗ ತಿರಗತಾವ್ರಿ. ಪಿರ್ರಿ ಒಳಗಿನ ಸಣ್ಣ ಸ್ನಾಯು ಬಿಗಿ ಹಿಡದಾವ. ದಿನಾ ಎಳದು ಬಿಟ್ಟು ಮಾಡಿದ್ರ ಬರೊಬ್ಬರಿ ಆಕ್ಕಾವ" ಅಂದೆ.

ಬಾಗಿಲ ಮರೆಯಿಂದ ಹುಡುಗಿಯ ತಾಯಿ, "ಮಾರಿ ನೋಡ್ಯಾರೇನ ಕೇಳ್ರಿ ಅವರ್ನ" ಅಂದರು. ಎಷ್ಟು ನೆನಪು ಮಾಡಿಕೊಂಡರೂ ಮುಖ ಕಣ್ಣಿಗೆ ಕಟ್ಟಲಿಲ್ಲ. ಅಕ್ಕ ನನ್ನ ತೋಳು ಹಿಡಿದು ಎಬ್ಬಿಸಿದಳು.

ವಾರದೊಳಗೆ ಸುದ್ದಿ ಸುತ್ತಲಿನ ನಾಲ್ಕೂ ತಾಲೂಕು ತಿರುಗಿತು. ಹಾನಗಲ್ಲಿನ ವರ ಕನ್ಯೆಯ ಮುಖ ನೋಡುವುದಿಲ್ಲವಂತೆ, ಹಿಂದೆ ನೋಡುತ್ತಾನಂತೆ. ಆಮೇಲೆ ಬಹಳ ದಿನ ಯಾವ ಮನೆಯಲ್ಲೂ ನಮಗೆ ಫಳಾರ ಸಿಗಲಿಲ್ಲ.

ಎರಡನೆಯ ಕನ್ಯೆ

ಕೊನೆಗೆ ಹಿರೇಕೆರೂರಿನಲ್ಲೇ ಅಕ್ಕನ ಗುರುತಿನ ಮನೆಯೊಂದು ಒಪ್ಪಿತು. ಹುಡುಗಿ ಪ್ರಾಥಮಿಕ ಶಾಲೆಯ ಟೀಚರು. ಅವಳಿಗೂ ವಯಸ್ಸಾಗಿತ್ತು, ಬಂದವರೆಲ್ಲ ನೋಡಿ ಹೋಗಿದ್ದರು. "ಮಾರಿ ಬಿಟ್ಟು ಕಣ್ಣ ಕೆಳಗ ಇಳಿಸಿದಿ ಅಂದ್ರ ನೋಡು" ಎಂದು ಅಕ್ಕ ಮೊದಲೇ ಎಚ್ಚರಿಸಿದ್ದಳು.

ಹಾಗಾಗಿ ಮುಖವನ್ನೇ ನೋಡಿದೆ. ಒಳ್ಳೆಯ ಮುಖ. ನಗುವಾಗ ಒಂದು ಕಡೆ ತುಟಿ ಮೊದಲು ಏಳುತ್ತಿತ್ತು. ಆದರೆ ನೀರು ತರಲು ಎದ್ದವಳ ಬೆನ್ನು ಬೇಡವೆಂದರೂ ಕಣ್ಣಿಗೆ ಬಿತ್ತು. ಬಲಗಾಲಿನ ಮೇಲೆ ಭಾರ ಬಿದ್ದಾಗೆಲ್ಲ ಎಡಗಡೆಯ ಟೊಂಕ ಇಳಿಯುತ್ತಿತ್ತು. ಬಲಪಿರ್ರೆಯ ಪಕ್ಕದ ಸ್ನಾಯುವಿಗೆ ಬಲ ಸಾಲದು. ಬಾಯಿ ಬಿಗಿಹಿಡಿದು ಕುಳಿತೆ.

ಮಾತಾಡಲಿ ಎಂದು ಹಿರಿಯರು ನಮ್ಮಿಬ್ಬರನ್ನು ಬಿಟ್ಟು ಪಡಸಾಲೆಗೆ ಹೋದರು. ಅವಳೇ ಶುರು ಮಾಡಿದಳು.

"ನೀವು ನನ್ನ ನಡಗಿ ನೋಡಿದ್ರಿ, ನನಗ ಗೊತ್ತಾತು. ಏನೈತಿ ಹೇಳ್ರಿ. ಭಾಳ ದಿನದಿಂದ ನೋಯಾಕತ್ತೇತಿ. ಹೇಳಿದ್ರ ಮದುವಿ ಆಗಂಗಿಲ್ಲ ಅಂತ ಮನ್ಯಾಗ ಯಾರಿಗೂ ಹೇಳಿಲ್ಲ."

ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಎದ್ದು ಮಾಡಿ ತೋರಿಸಿದೆ. ಅವಳೂ ಮಾಡಿದಳು. ಹಿರಿಯರು ತಿರುಗಿ ಬಂದಾಗ ವರ ಮತ್ತು ಕನ್ಯೆ ಗೋಡೆ ಹಿಡಿದು ಒಂದೊಂದು ಕಾಲಿನ ಮೇಲೆ ನಿಂತಿದ್ದರು. ಅಕ್ಕ ಹಣೆ ಬಡಿದುಕೊಂಡಳು.

ಅಂದಿನಿಂದ ದಿನಾ ಸಂಜೆ ಅವಳ ಫೋನು. ಇವತ್ತು ಇಷ್ಟು ಹೊತ್ತು ನಿಂತೆ, ಇಷ್ಟು ನೋವು ಕಡಿಮೆ. ಆಮೇಲೆ ಶಾಲೆಯ ಸುದ್ದಿ, ಅಡುಗೆಯ ಸುದ್ದಿ. ನಾನು ಖಾನಾವಳಿ ಬಿಟ್ಟು ಕೋಣೆಯಲ್ಲೇ ಅನ್ನ ಸಾರು ಮಾಡಿಕೊಳ್ಳತೊಡಗಿದೆ. ಫೋನು ಬರುವ ಹೊತ್ತಿಗೆ ತಲೆ ಬಾಚಿಕೊಂಡು ಕೂರುತ್ತಿದ್ದೆ. ಬದುಕಿನಲ್ಲಿ ಅಷ್ಟು ಸಂತೋಷವಾಗಿ ಯಾವತ್ತೂ ಇರಲಿಲ್ಲ.

"ಅವರಿಗೆ ಏನ್ ಹೇಳಿ ಕಳಸ್ಲಿ?" ಎಂದು ಅಕ್ಕ ಕೇಳಿದಳು. "ತಡಿ, ಟ್ರೀಟ್ಮೆಂಟ್ ಮುಗೀಲಿ" ಅಂದೆ. ಚಿಕಿತ್ಸೆಯಲ್ಲಿರುವವಳನ್ನು ಮದುವೆಯಾಗುತ್ತೀಯಾ ಎಂದು ಕೇಳುವುದು ನಮ್ಮ ಕಸುಬಿಗೆ ಸಲ್ಲದು. ಅವಳ ಕಾಲು ಗುಣವಾದ ದಿನವೇ ಕೇಳುವುದೆಂದು ನಿರ್ಧರಿಸಿದ್ದೆ.

ಒಂದು ಸಂಜೆ ಫೋನು ಬಂತು. "ನಿನ್ನಿ ಮಕ್ಕಳ ಜೋಡಿ ಗುಡ್ಡ ಹತ್ತಿ ಇಳದೇನಿ. ಒಂಚೂರೂ ನೋವಿಲ್ಲ." ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಹಾವೇರಿ ಕಡೆಯವರು ನೋಡಾಕ ಬಂದಿದ್ರು. ನಡಸಿ ನೋಡಿದ್ರು, ಒಪ್ಪಿದ್ರು. ಎಲ್ಲಾ ನಿಮ್ಮ ಉಪಕಾರ."

ನಮ್ಮ ಕಡೆ ಕನ್ಯೆ ನೋಡಿದ ಮೇಲೆ ಗಂಡಿನವರೇ ಹೇಳಿ ಕಳಿಸಬೇಕು. ಹೇಳಿ ಕಳಿಸದಿದ್ದರೆ ಬೇಡ ಎಂದರ್ಥ. ಹೆಣ್ಣಿನವರು ತಾವಾಗಿ ಕೇಳುವುದಿಲ್ಲ. ನಾನು ಬೇಡವೆಂದಿದ್ದೇನೆ ಎಂದೇ ಅವಳು ತಿಳಿದಿದ್ದಳು. ಬೇಡವೆಂದವನು ದಿನಾ ಒಂದು ಗಂಟೆ ಫೋನಿನಲ್ಲಿ ಯಾಕೆ ಮಾತಾಡುತ್ತಾನೆ ಎಂದು ನಾನು ಅವಳನ್ನು ಕೇಳಬೇಕಿತ್ತು, ಕೇಳಲಿಲ್ಲ. "ಮೆಟ್ಟಿಲ ಹತ್ತುವಾಗ ಹುಷಾರು, ವ್ಯಾಯಾಮ ಬಿಡಬ್ಯಾಡ್ರಿ" ಅಂದೆ.

ಅಕ್ಕಿಕಾಳು

ಮದುವೆಗೆ ಅಕ್ಕನೂ ನಾನೂ ಹೋದೆವು. ವರ ಒಳ್ಳೆಯ ಮನುಷ್ಯ, ಸ್ವಲ್ಪ ಭಾರದ ಆಸಾಮಿ. ಪೂಜೆ ಮುಗಿಯುವ ತನಕ ಮಣೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತೇ ಇದ್ದ. ಹಾರ ಬದಲಾಯಿಸಲು ಎದ್ದು ನಿಲ್ಲಿ ಎಂದು ಮದುವೆ ಮಾಡಿಸುವ ಸ್ವಾಮಿಗಳು ಹೇಳಿದಾಗ ಎದ್ದ, ಹಾಗೇ ಕುಸಿದ. ಮತ್ತೆ ಎಬ್ಬಿಸಿದರು, ಮತ್ತೆ ಕುಸಿದ. ಎಡಗಾಲು ಅವನದೇ ಅಲ್ಲವೆಂಬಂತೆ ಬಿದ್ದಿತ್ತು. "ಲಕ್ವಾ ಹೊಡೀತೇನೋ" ಎಂದು ಯಾರೋ ಅಂದರು. ಹೆಂಗಸರು ಅಳಲು ಶುರು ಮಾಡಿದರು. ಹುಡುಗಿಯ ಅಪ್ಪ ಕಂಬ ಹಿಡಿದು ನಿಂತರು.

ದೂರದಿಂದಲೇ ನನಗೆ ಗೊತ್ತಾಗಿತ್ತು. ಸುಮ್ಮನೆ ಕುಳಿತಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆಗ ಯೋಚಿಸಲಿಲ್ಲ. ನೋಡುವಷ್ಟರಲ್ಲಿ ಮಂಟಪದ ಮೇಲಿದ್ದೆ.

"ಲಕ್ವಾ ಅಲ್ರಿ, ಕುಂಡಿ ನರ ಜೋಮ ಹಿಡದೈತಿ ಅಷ್ಟ" ಅಂದೆ. ಸ್ವಾಮಿಗಳ ಮುಂದೆ ಮೈಕಿತ್ತು. ಕುಂಡಿ ಎಂಬ ಮಾತು ಇಡೀ ಕಲ್ಯಾಣ ಮಂಟಪಕ್ಕೆ ಕೇಳಿಸಿತು, ಹೊರಗೆ ಅಡುಗೆಯವರಿಗೂ ಕೇಳಿಸಿತು. ಅಳುತ್ತಿದ್ದವರು ಸೆರಗಿನಲ್ಲಿ ನಗತೊಡಗಿದರು.

ವರನನ್ನು ಮಗ್ಗುಲು ಮಾಡಿ ಪಿರ್ರೆಯನ್ನು ಮೊಣಕೈಯಿಂದ ತಿಕ್ಕಿದೆ. "ಏಳತೇನಿ, ಆದ್ರ ಬಿಡಬ್ಯಾಡ್ರಿ" ಎಂದು ಅವನು ನನ್ನ ಕೈ ಹಿಡಿದ. ಹಿಂದೆ ನಿಂತು ಅವನ ಟೊಂಕ ಎರಡೂ ಕಡೆ ಬಿಗಿಯಾಗಿ ಹಿಡಿದು ಎತ್ತಿ ನಿಲ್ಲಿಸಿದೆ. "ಮುಹೂರ್ತ ಹೊಂಟೈತಿ, ಹಾಕ್ರಿ ಅಕ್ಕಿಕಾಳು" ಅಂದರು ಸ್ವಾಮಿಗಳು. ಬ್ಯಾಂಡು ಬಾರಿಸಿತು. ಅವಳು ಎದುರಿಗಿದ್ದಳು, ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಳು. ಹಾರ ಹಾಕುವಾಗ ವರನ ಭುಜದ ಮೇಲಿಂದ ನನ್ನ ಮುಖ ನೋಡಿದಳು. ನಗುತ್ತಿದ್ದಳು, ಒಂದು ಕಡೆ ತುಟಿ ಮೊದಲು ಎದ್ದಿತ್ತು. ನಾಲ್ಕೂ ಕಡೆಯಿಂದ ಅಕ್ಕಿಕಾಳು ಬಿದ್ದವು, ಅವಳ ತಲೆಯ ಮೇಲೆ, ಅವನ ತಲೆಯ ಮೇಲೆ, ನನ್ನ ತಲೆಯ ಮೇಲೆ.

ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆವು. ಅಕ್ಕ ನನ್ನ ಕೂದಲಿನಿಂದ ಅರಿಷಿಣದ ಅಕ್ಕಿ ಒಂದೊಂದೇ ಹೆಕ್ಕಿ ತೆಗೆಯುತ್ತಿದ್ದಳು.

"ನಿನ್ನ ತಲಿ ಮ್ಯಾಲ ಅಕ್ಕಿಕಾಳ ಬೀಳೂದ ಕಣ್ಣಿಂದ ನೋಡಬೇಕು ಅಂತ ಬಸವಣ್ಣಗ ಹರಕಿ ಹೊತ್ತಿದ್ದೆ," ಅಂದಳು. "ಹೆಣ್ಣ ಕೊಡು ಅಂತ ಬಿಡಿಸಿ ಹೇಳೂದ ಮರತಿದ್ದೆ ನೋಡು."