ಗೂಟಕ್ಕೆ ತೂಗುವ ರುಮಾಲುಗಳು

ನಮ್ಮ ಸೋದರಮಾವನ ಪಡಸಾಲೆಯಲ್ಲಿ ಯಾವಾಗ ನೋಡಿದರೂ ಏಳೆಂಟು ರುಮಾಲುಗಳು ಗೂಟಕ್ಕೆ ತೂಗುತ್ತಿದ್ದವು. ಕೆಂಪು, ಬಿಳಿ, ಜರಿ ಅಂಚಿನದು, ಎಣ್ಣೆ ಕುಡಿದು ಕಪ್ಪಾದದ್ದು. ಹೊಸಬರು ನೋಡಿದರೆ ಈ ಮನೆಯಲ್ಲಿ ಗಂಡಸರ ದೊಡ್ಡ ದಂಡೇ ಇದೆ ಎಂದುಕೊಳ್ಳಬೇಕು. ನನ್ನನ್ನು ಬಿಟ್ಟರೆ ಇದ್ದದ್ದು ಒಬ್ಬನೇ. ಆ ಒಬ್ಬನ ತಲೆಯ ಮೇಲೆ ಮಾತ್ರ ರುಮಾಲಿರಲಿಲ್ಲ!

ಅದರಲ್ಲೇನು ಮಹಾ ಎನ್ನುತ್ತೀರಿ. ಈಗಿನವರು ನೀವು, ಬರಿದಲೆಯಲ್ಲಿ ಕಚೇರಿಗೂ ಹೋಗುತ್ತೀರಿ, ಮದುವೆಗೂ ಹೋಗುತ್ತೀರಿ. ನಾನು ಹೇಳುತ್ತಿರುವುದು ನಮ್ಮ ಕಡೆ ಲಾರಿ ಎಂಬ ಪ್ರಾಣಿ ಹುಟ್ಟುವುದಕ್ಕೆ ಮುಂಚಿನ ಮಾತು. ಆಗ ಮೊಳಕಾಲ್ಮೂರಿನಲ್ಲಿ ಗಂಡಸು ಬರಿದಲೆಯಲ್ಲಿ ಬೀದಿಗಿಳಿದನೆಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಪರವೂರಿನವರು ಮಾವನನ್ನು ಕಂಡ ಕೂಡಲೇ ಮುಖ ಸಣ್ಣದು ಮಾಡಿಕೊಂಡು, "ಯಾರು ಹೋದ್ರು ಯಜಮಾನ್ರೆ?" ಎಂದು ಕೇಳುತ್ತಿದ್ದರು.

"ಯಾರೂ ಹೋಗಿಲ್ಲ ಕಣ್ರೀ. ಒಬ್ನು ಬರೋದೈತೆ" ಎನ್ನುತ್ತಿದ್ದ ಮಾವ.

ಕೇಳಿದವರು, ಪಾಪ, ದುಃಖಕ್ಕೆ ತಲೆಯೇ ಕೆಟ್ಟಿದೆ ಎಂದುಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿದ್ದ ನಾನು ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಸೀಮೆಯ ಎರೆಭೂಮಿ ಬಾಯಿ ಬಿಟ್ಟುಕೊಂಡೇ ಇರುತ್ತದೆ, ನಿಜ. ಆದರೆ ಒಬ್ಬ ಬಿ.ಎ. ಪಾಸಾದವನು ಹಿಡಿಸುವಷ್ಟು ಅಗಲಕ್ಕಲ್ಲ!

ಹೌದು, ನಾನು ಬಿ.ಎ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳಿ ತಿರುಗುತ್ತಿದ್ದವರೆಲ್ಲ ಈಗ ಇಲ್ಲ. ಒಂದು ಸಲ ಡುಮ್ಕಿ ಹೊಡೆದು, ಇನ್ನೊಂದು ಸಲ ಜ್ವರದಲ್ಲೇ ಬರೆದು, ಹಲ್ಲು ಕಚ್ಚಿ ಪಡೆದ ಪದವಿ ಅದು. ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಅಂಥವನಿಗೆ ಇಂಥ ಮಾವ!

ಆ ಗೂಟದ ರುಮಾಲುಗಳ ಕಥೆ ಹೇಳುತ್ತೇನೆ. ಮಾವ ಮಗ್ಗದವರ ಮನೆಗಳಿಂದ ರೇಷ್ಮೆ ಸೀರೆಗಳನ್ನು ತಂದು, ಗಂಟು ಕಟ್ಟಿಸಿ, ಚಳ್ಳಕೆರೆಯ ಅಂಗಡಿಗಳಿಗೂ ರಾಯದುರ್ಗದ ರೈಲಿಗೂ ಬಾಡಿಗೆ ಬಂಡಿಗಳಲ್ಲಿ ಕಳಿಸುತ್ತಿದ್ದ. ಇಂದು ಲಾರಿಯವನು ಬಂದರೆ ಸಾಹುಕಾರರು ರಹದಾರಿ ಇದೆಯೇ, ಮಾಲಿಗೆ ವಿಮೆ ಇದೆಯೇ ಎಂದು ಕೇಳುತ್ತಾರೆ, ಕಾಗದ ನೋಡುತ್ತಾರೆ, ಆಯಿತು. ಮಾವನಿಗೆ ಕಾಗದವೆಂದರೆ ಸೀರೆ ಸುತ್ತುವ ವಸ್ತು. ಮೈಸೂರು ಸೀಮೆ ದಾಟಿ ಮದ್ರಾಸ್ ಸೀಮೆಗೆ ಹೋಗುವ ಬಂಡಿಯವನು ರಹದಾರಿ ಚೀಟಿ ತೋರಿಸಿದರೆ ನನ್ನ ಕೈಗೆ ಕೊಟ್ಟು "ಓದಲೇ ಬಿ.ಎ." ಎನ್ನುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ. ಅವನು ಅಷ್ಟರಲ್ಲಿ ಬಂಡಿಯ ಕೆಳಗೆ ನುಗ್ಗಿ, ಎಣ್ಣೆ ಕಂಡಿದೆಯೋ ಇಲ್ಲವೋ ಎಂದು ಅಚ್ಚು ಮೂಸುತ್ತಿದ್ದ!

ಬಂಡಿ ಪರೀಕ್ಷೆಗೆ ಹೋಲಿಸಿದರೆ ನನ್ನ ಬಿ.ಎ. ಪರೀಕ್ಷೆ ಮಕ್ಕಳಾಟ. ಮೊದಲು ಎತ್ತುಗಳ ಮುಂದೆ ನಿಂತು ಬಂಡಿಯವನಿಗೆ "ಎಲ್ಲಿ, ಒಂದ್ಸಲ ಕೂಗು" ಎನ್ನುತ್ತಿದ್ದ. ಒಡೆಯನ ದನಿಗೆ ಎತ್ತು ಕಿವಿ ಹಿಂದಕ್ಕೆ ಮಡಿಸಿತೋ, ಆ ಬಂಡಿ ಬೇಡ, ಹೊಡೆಯುವವನು ಎಂದರ್ಥ. ಒಮ್ಮೆ ಹೀಗೆ ಬೇಡವೆಂದು ಬಿಟ್ಟ ಬಂಡಿಯವನು ಎದುರು ಅಂಗಡಿಯ ಮಾಲನ್ನು ಹೂವಿನ ಹಾಗೆ ಮುಟ್ಟಿಸಿ ಬಂದ. ಮಾವನಿಗೆ ಒಪ್ಪಿಗೆಯಾದ ಬಂಡಿ ಊರ ಮುಂದಿನ ಹಳ್ಳದಲ್ಲೇ ಮಗುಚಿಕೊಂಡಿತು. "ನಿನ್ನ ಪರೀಕ್ಷೆ ಎಲ್ಲಿಗೆ ಬಂತು ಮಾವ?" ಎಂದೆ. "ಎತ್ತುಗೊಳು ನೊಣ ಓಡಿಸ್ಕಳಕೂ ಕಿವಿ ಅಲ್ಲಾಡಿಸ್ತವೆ ಅನ್ನೋದು ಮರ್ತಿದ್ದೆ ಕಣಲೇ" ಎಂದ, ಒಂಚೂರೂ ನಾಚದೆ. ಅವನ ಪಾಲಿನ ನಾಚಿಕೆಯೆಲ್ಲ ನನ್ನ ತಲೆಗೇ ಬರುತ್ತಿತ್ತಲ್ಲ!

ಆಮೇಲೆ ನೀರಿನ ಪರೀಕ್ಷೆ. ನಮ್ಮ ಕಡೆ ಮಳೆ ಬರುವುದು ದೂರದ ನೆಂಟರ ಹಾಗೆ, ಅಪರೂಪಕ್ಕೆ, ಅದೂ ಹೇಳದೆ ಕೇಳದೆ. ಆದ್ದರಿಂದ ಬಂಡಿಯ ಕಮಾನಿನ ಚಾಪೆ ಸೋರುತ್ತದೋ ಇಲ್ಲವೋ ಎಂಬುದು ಬಂಡಿಯವನಿಗೂ ಗೊತ್ತಿರುತ್ತಿರಲಿಲ್ಲ. ಮಾವ ಏಣಿ ಹತ್ತಿ ಕೊಡದಿಂದ ಕಮಾನಿನ ಮೇಲೆ ನೀರು ಸುರಿಯುತ್ತಿದ್ದ. ಒಳಗೆ ಯಾರಾದರೂ ಕೂತು ಸೋರಿತೇ ಎಂದು ಹೇಳಬೇಕಲ್ಲ? "ಲೇ ಬಿ.ಎ., ಬಾ, ಒಳಗೆ ಕೂತ್ಕ."

"ಮಾವ, ಜನ ನೋಡ್ತಾರೆ."

"ನೋಡ್ಲಿ ಬಿಡು. ಓದಿರೋನು ಸೋರ್ತೈತೆ ಅಂದ್ರೆ ಬಂಡಿಯೋನೂ ನಂಬ್ತಾನೆ."

ನಾನು ಒಳಗೆ ಕೂತದ್ದುಂಟೆ? ಇಲ್ಲ. ಅಮಲ್ದಾರರ ಕಚೇರಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತಿದ್ದವನು, ಇಸ್ತ್ರಿ ಕೋಟು ತೊಟ್ಟವನು, ಬಂಡಿಯಲ್ಲಿ ಕೂತು ತಲೆಗೆ ನೀರು ಹೊಯ್ಯಿಸಿಕೊಳ್ಳುವುದೇ! ಒಂದೊಂದು ಸಲ ಒಂದೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಮಾವನೇ ಸುರಿದು, ಮಾವನೇ ಓಡಿ ಬಂದು ಒಳಗೆ ಹತ್ತಿ ನೋಡುತ್ತಿದ್ದ.

ಕೊನೆಯದು ಜಾಮೀನು. ಎಲ್ಲ ಪರೀಕ್ಷೆಯಲ್ಲೂ ಗೆದ್ದ ಬಂಡಿಯವನು ತಲೆಯ ರುಮಾಲು ಬಿಚ್ಚಿ ಮಾವನ ಕೈಗೆ ಒತ್ತೆ ಇಡಬೇಕು. ಮಾಲು ಸೇರಿದ ಸುದ್ದಿ ತಂದಾಗ ವಾಪಸ್ಸು. ಅಲ್ಲಿಯವರೆಗೆ ಬರಿದಲೆಯಲ್ಲೇ ತಿರುಗಬೇಕು! ಮಾನಕ್ಕಿಂತ ದೊಡ್ಡ ವಿಮೆ ಉಂಟೇ ಎಂಬುದು ಅವನ ವಾದ. ರಾಯದುರ್ಗದ ಕಡೆಯ ಬಂಡಿಯವನೊಬ್ಬ, "ಎಂಡಲ್ಲೊ ಎಟ್ಲಾ ಪೋಯೇದಿ ಸಾಮೀ? ಈ ಬಿಸಿಲಾಗೆ ಹೆಂಗೆ ಹೋಗ್ಲಿ, ತಲೆ ಕಾಯ್ತೈತೆ" ಎಂದು ಅರ್ಧ ತೆಲುಗಿನಲ್ಲಿ ಗೋಳಾಡಿದ.

"ಅದಕ್ಕೇ ಬಿರ್ರನೆ ಹೋಗಿ ಬಿರ್ರನೆ ಬಾ ಅನ್ನೋದು" ಎಂದ ಮಾವ.

ಮಾಲು ಸೇರಿದರೂ ಸುಮ್ಮನೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಗಂಟು ನೆಂದಿದೆ ಎಂದು ಸುದ್ದಿ ಬಂದರೆ ಅದನ್ನು ತರಿಸಿಕೊಂಡು, ಬಿಚ್ಚಿ, ಒದ್ದೆ ಸೀರೆಯನ್ನು ತನ್ನ ಬಿಳಿ ಪಂಚೆಯ ತುದಿಯಿಂದ ಒರೆಸಿ ನೋಡುತ್ತಿದ್ದ. ಪಂಚೆಗೆ ಬಣ್ಣ ಹತ್ತಿದರೆ ಮಾಲು ಕೆಟ್ಟಿತು. ಹತ್ತದಿದ್ದರೆ, "ನೆಂದ್ರೇನಂತೆ, ಬಣ್ಣ ಬಿಟ್ಟಿಲ್ಲ" ಎಂದು ರುಮಾಲು ಕೊಟ್ಟು ಕಳಿಸುತ್ತಿದ್ದ. ಹೀಗಾಗಿ ಅವನ ಪಂಚೆಗಳ ತುದಿಯಲ್ಲೆಲ್ಲ ಕೆಂಪು, ಹಸಿರು, ನೇರಳೆ ಕಲೆಗಳು. ಬರಿದಲೆ, ಬಣ್ಣದ ಪಂಚೆ! ಈ ವೇಷದಲ್ಲೇ ಒಮ್ಮೆ ಬೆಂಗಳೂರಿಗೆ ನನ್ನ ಹಾಸ್ಟೆಲಿಗೂ ಬಂದಿದ್ದ. ಗೆಳೆಯರೆಲ್ಲ ಸಾಲಾಗಿ ಬಂದು ನನಗೆ ಸಂತಾಪ ಹೇಳಿ ಹೋದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಓದು ಮುಗಿದ ಮೇಲೆ ನಾನೂ ಅವ್ವನೂ ಮಾವನ ಮನೆಯಲ್ಲೇ ಇದ್ದೆವು. ಮಾವನಿಗೆ ಹೆಣ್ಣುಮಕ್ಕಳಿರಲಿಲ್ಲ, ಆದ್ದರಿಂದ ನನಗೆ ಹೊರಗಿನ ಸಂಬಂಧ ನೋಡಬೇಕಾಯಿತು. ಚಳ್ಳಕೆರೆಯಲ್ಲಿ ಅಂಗಡಿ ಇಟ್ಟಿದ್ದ ನಮ್ಮವರೇ ಒಬ್ಬರು, ಒಳ್ಳೆಯ ಮನೆತನ, ಬಿ.ಎ. ಹುಡುಗ ಎಂದು ಕೇಳಿ ಮನೆ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಹುಡುಗಿಯನ್ನು ನಾನು ಒಂದು ಸಲ ದೂರದಿಂದ ನೋಡಿದ್ದೆ. ಈ ಸಂಬಂಧ ತಪ್ಪಿದರೆ ನಾನು ಸನ್ಯಾಸಿಯಾಗುವುದೇ ಸೈ ಎಂದು ತೀರ್ಮಾನಿಸಿಕೊಂಡಿದ್ದೆ. ಆದರೆ ಆ ಬೀಗರು ಬಹಳ ಶಾಸ್ತ್ರದವರು. ಬೆಕ್ಕು ಅಡ್ಡ ಬಂದರೆ ಅಂಗಡಿ ತೆರೆಯದವರು. ಬರಿದಲೆಯ ಹಿರಿಯ ಬಾಗಿಲಲ್ಲಿ ನಿಂತು ಸ್ವಾಗತಿಸಿದರೆ ಬಂಡಿಯಿಂದ ಇಳಿದಾರೆಯೇ?

ಮಾವನಿಗೆ ಹೇಳಿದೆ: "ಒಂದು ದಿನಕ್ಕೆ, ಒಂದೇ ಒಂದು ದಿನಕ್ಕೆ, ಆ ಗೂಟದ್ದು ಒಂದು ತಗೊಂಡು ಸುತ್ತಿಕೋ."

"ಅಲ್ಲಲೇ, ಒತ್ತೆ ಮಾಲು ಬಳಸ್ತಾರಾ ಯಾರಾದ್ರೂ?"

ಸರಿ, ನಾನೇ ಪೇಟೆಗೆ ಹೋಗಿ ಜರಿ ಅಂಚಿನ ಹೊಸ ರುಮಾಲು ಕೊಂಡು ತಂದು ಕೈಗಿಟ್ಟೆ. ಮಾವ ಅದನ್ನು ಮುಟ್ಟಿ ಮುಟ್ಟಿ ನೋಡಿದ. ಖುಷಿಯಾಯಿತೆಂದು ಕಾಣುತ್ತದೆ. ಮಾರನೆಯ ದಿನ ನೋಡುತ್ತೇನೆ, ಅದು ಗೂಟದಲ್ಲಿದೆ!

ನಡೆದದ್ದಿಷ್ಟು. ಹುಸೇನ್ ಸಾಬಿ ಎಂಬ ಹೊಸ ಬಂಡಿಯವನು ಬಾಡಿಗೆ ಕೇಳಿಕೊಂಡು ಬಂದಿದ್ದ. ಒಳ್ಳೆಯ ಎತ್ತು, ಸೋರದ ಕಮಾನು. ಆದರೆ ತಲೆಗೆ ಒಂದು ಹರಕು ಟವಲು. "ಸಾಹುಕಾರ್ರೆ, ಒತ್ತೆ ಇಡಕೆ ನಂತಾವ ಏನೂ ಇಲ್ಲ. ಅಲ್ಲಾಕೀ ಕಸಂ, ಮಾಲು ಮುಟ್ಟಿಸ್ತೀನಿ" ಎಂದನಂತೆ. ಮಾವ ಯೋಚನೆ ಮಾಡಿ, ನಾನು ಕೊಟ್ಟ ಜರಿ ರುಮಾಲನ್ನು ಅವನಿಗೆ ದಾನ ಕೊಟ್ಟು, "ಈಗ ಇದು ನಿಂದು. ಹೌದಾ?" ಎಂದು ಕೇಳಿ, ಅವನು ಹೌದು ಎಂದ ಕೂಡಲೇ, "ಹಂಗಾದ್ರೆ ಬಿಚ್ಚು, ಒತ್ತೆ ಇಡು!" ಎಂದು ವಾಪಸ್ಸು ಇಸಿದುಕೊಂಡು ಗೂಟಕ್ಕೆ ಹಾಕಿದ್ದ! ಮಾಲು ಮುಟ್ಟಿಸಿ ಬಂದ ಹುಸೇನ್ ಸಾಬಿ ಅದನ್ನು ಸುತ್ತಿಕೊಂಡು ಮದುಮಗನ ಹಾಗೆ ಹೊರಟುಹೋದ. ನನ್ನ ಮಾವ ಮತ್ತೆ ಬರಿದಲೆ.

ಬೀಗರು ಬಂದೇ ಬಂದರು. ಸ್ವಂತ ಕಮಾನು ಬಂಡಿ, ಕೊಂಬಿಗೆ ಹಿತ್ತಾಳೆ ಕಳಸ. ಬಾಗಿಲಲ್ಲಿ ಮಾವನನ್ನು ಕಂಡವರೇ, ಒಂದು ಕಾಲು ನೆಲದ ಮೇಲೆ, ಒಂದು ಕಾಲು ಬಂಡಿಯಲ್ಲಿ, ಹಾಗೇ ನಿಂತುಬಿಟ್ಟರು.

"ಮನೆಯಾಗೆ ಏನಾದ್ರೂ ಸೂತಕ ಐತೇನ್ರಿ?"

"ಇಲ್ರಿ, ಇಲ್ರಿ, ಬರ್ರಿ" ಎಂದ ಮಾವ. ಅಷ್ಟಕ್ಕೇ ಸುಮ್ಮನಿದ್ದರೆ ಅವನು ನನ್ನ ಮಾವ ಹೇಗಾದಾನು? ಬಂಡಿಯ ಸುತ್ತ ಒಂದು ಸುತ್ತು ಬಂದು, ಅಚ್ಚು ಮುಟ್ಟಿ, ಎತ್ತಿನ ಕಿವಿ ನೋಡಿ, "ನಾಳೆ ಮಗಳನ್ನ ಇದೇ ಬಂಡಿಯಾಗೆ ಕಳಿಸ್ತೀರೇನ್ರಿ? ಕಮಾನು ಸೋರಂಗೆ ಕಾಣ್ತೈತಲ್ಲ!" ಎಂದುಬಿಟ್ಟ.

ಬೀಗರ ಮುಖ ಕೆಂಪಾಯಿತು. ನೆಲದ ಮೇಲಿದ್ದ ಕಾಲು ಮೆಲ್ಲಗೆ ಬಂಡಿಗೆ ವಾಪಸ್ಸು ಹೋಗತೊಡಗಿತು.

ನಾನು ಅಡಿಗೆಮನೆಗೆ ಓಡಿದೆ. "ಅವ್ವಾ, ಅಪ್ಪಂದೋ ಅಜ್ಜಂದೋ, ಪೆಟ್ಟಿಗೆಯಾಗೆ ಒಂದು ರುಮಾಲು ಇದ್ರೆ ಕೊಡು. ನಿನ್ನ ತಮ್ಮ ನನ್ನ ಮಾನ ಕಳೀತಾ ಅವ್ನೆ."

ಅವ್ವ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಪೆಟ್ಟಿಗೆ ತೆಗೆದಳು. ತಳದಿಂದ ಒಂದು ಹಳೆಯ ಬಿಳಿ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡಳು, ನನ್ನ ಕೈಗೆ ಕೊಡಲಿಲ್ಲ.

"ಇದು ಅವಂದೇ ಕಣಪ್ಪ."

"ಅವಂದು ಅಂದ್ರೆ?"

"ನಿಮ್ಮಪ್ಪ ಹೋದ ಮ್ಯಾಲೆ ನಿನ್ನ ಓದಿಸಕೆ ಕರ್ಕಂಡು ಹೋಗ್ತೀನಿ ಅಂತ ಬಂದ. ಇರೋನೊಬ್ಬನೇ ಮಗ, ನಾ ಕಳಿಸಲ್ಲ ಅಂದೆ. ಯಾರು ಜಾಮೀನು ಅಂತ ಜಗಳ ಆಡ್ದೆ. ನೀನು ಆ ಕಡೆ ಮಕ ಮಾಡ್ಕಂಡು ಬಂಡಿಯಾಗೆ ಅಳ್ತಾ ಕುಂತಿದ್ದೆ. ಇವ್ನು ತಲೆ ಮ್ಯಾಲಿಂದು ಬಿಚ್ಚಿ ನನ್ನ ಕೈಯಾಗೆ ಇಟ್ಟ. ಅವತ್ತಿಂದ ತಲೆಗೆ ಇನ್ನೊಂದು ಸುತ್ತಿಲ್ಲ."

ಆ ರುಮಾಲಿನ ಅಂಚು ಮುಟ್ಟಿ ನೋಡಿದೆ. ಆಮೇಲೆ, "ನಾನು ಬಿ.ಎ. ಆಗಿ ಬಂದು ಎಷ್ಟು ದಿನ ಆಯ್ತಲ್ಲವ್ವ? ಯಾಕೆ ಕೊಡ್ಲಿಲ್ಲ?" ಎಂದೆ.

"ಕೊಡಕೆ ಹೋದೆ. ಅವ್ನೇ ಇಸ್ಕಳ್ಲಿಲ್ಲ. 'ಮಾಲೇನೋ ಬಂದೈತಕ್ಕ. ಆದ್ರೆ ನನ್ನ ಕಂಡ್ರೆ ನಾಚ್ಕಂಡು ದೂರ ನಿಲ್ತೈತೆ. ಪೂರಾ ಬರ್ಲಿ, ತಾಳು' ಅಂದ."

ಒಬ್ನು ಬರೋದೈತೆ! ನನ್ನ ಪಕ್ಕದಲ್ಲೇ ನಿಂತು ಊರಿಗೆಲ್ಲ ಹಾಗೆ ಹೇಳುತ್ತಿದ್ದನಲ್ಲ!

ಹೊರಗೆ ಬಂದೆ. ಮಾವ ಆಗಲೇ ಏಣಿ ತಂದು ಬೀಗರ ಬಂಡಿಗೆ ಒರಗಿಸಿ, ಕೊಡ ಹೊತ್ತು ಮೇಲೆ ನಿಂತಿದ್ದ. ಬೀಗರು ಒಂದು ಕಾಲನ್ನು ಇನ್ನೂ ಬಂಡಿಯ ಮೆಟ್ಟಿಲ ಮೇಲಿಟ್ಟುಕೊಂಡೇ ಅವನನ್ನು ನೋಡುತ್ತಿದ್ದರು. ಅಕ್ಕಪಕ್ಕದ ಮಗ್ಗಗಳ ಸದ್ದು ನಿಂತು ಬೀದಿಯೇ ಬಾಗಿಲಿಗೆ ಬಂದಿತ್ತು. ಅಭ್ಯಾಸಬಲದಿಂದ ಮಾವ, "ಲೇ ಬಿ.ಎ., ಬಾ, ಒಳಗೆ..." ಎಂದವನು, ನನ್ನ ಕೋಟು ನೋಡಿ, "ಬ್ಯಾಡ ಬಿಡು, ನಾನೇ ನೋಡ್ಕಂತೀನಿ" ಎಂದ.

ನಾನು ಬೀಗರನ್ನು ದಾಟಿ ಬಂಡಿ ಹತ್ತಿ ಒಳಗೆ ಕೂತೆ. ಕೋಟು, ಜರಿ ಪೇಟ, ಬಿ.ಎ. ಸಮೇತ.

"ಸುರಿ ಮಾವ."

ಮೇಲಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು ನೋಡಿ! ಕಮಾನು ಸೋರುವುದೆಂದರೆ ಹಾಗಾ ಸೋರುವುದು! ಮಾವನ ಊಹೆ ಸರಿಯಾದದ್ದು ಆ ಒಂದು ಸಲವೇ ಇರಬೇಕು. ಪೇಟ ಕತ್ತಿಗಿಳಿಯಿತು, ಕೋಟು ಮೈಗಂಟಿತು. ಮೂಗಿನ ತುದಿಯಿಂದ ನೀರು ಸುರಿಸಿಕೊಂಡು ಕೆಳಗಿಳಿದು, ನನಗೆ ಮಾವನವರಾಗಬೇಕಿದ್ದ ಬೀಗರಿಗೆ ಕೈಮುಗಿದು ಹೇಳಿದೆ: "ಸೋರ್ತೈತ್ರಿ. ಮಗಳನ್ನ ಇದ್ರಾಗೆ ಕಳಿಸಬ್ಯಾಡ್ರಿ. ಇವರು ನಮ್ಮ ಸೋದರಮಾವ. ನನ್ನ ಓದಿಸಿದೋರು."

ಬೀಗರು ನನ್ನನ್ನು ನೋಡಿದರು, ಮಾವನನ್ನು ನೋಡಿದರು, ತಮ್ಮ ಬಂಡಿಯನ್ನು ನೋಡಿದರು. ಆ ಇನ್ನೊಂದು ಕಾಲನ್ನೂ ಕೆಳಗಿಟ್ಟರು.

ಮಾವ ಏಣಿಯಿಂದ ಇಳಿದು ಬಂದ. ಪಂಚೆಯ ತುದಿ ಎತ್ತಿ ನನ್ನ ಹಣೆ ಒರೆಸಿದ, ಕೆನ್ನೆ ಒರೆಸಿದ. ಒರೆಸಿದ ತುದಿಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದ.

"ನೆಂದೈತೆ ಅಕ್ಕ. ಬಣ್ಣ ಬಿಟ್ಟಿಲ್ಲ. ಕೊಡು ನನ್ನ ರುಮಾಲು."