ಗುಲಾಬಿ ಶರಬತ್ತಿನ ಫಜೀತಿಗಳು

ಯುಗಾದಿ ಹತ್ತಿರ ಬಂದು ಕಲಬುರಗಿಯ ಬಿಸಿಲು ನೆತ್ತಿ ಸುಡಲು ಶುರುಮಾಡಿತೆಂದರೆ ನಾನು ಮನೆಯಲ್ಲಿ ಗುಲಾಬಿ ಶರಬತ್ತು ಮಾಡುತ್ತೇನೆ. ನಾನು ಶರಬತ್ತು ಮಾಡಿದೆನೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಅಂಗಡಿಯಲ್ಲಿ ಬಾಟಲಿ ಸಿಗುವುದಿಲ್ಲವೇ ಎಂದು ಕೇಳಬೇಡಿ. ಸಿಗುತ್ತದೆ. ಆದರೆ ಅದರಿಂದ ಬಾಯಾರಿಕೆ ಹೋಗುತ್ತದೆ, ಅಷ್ಟೇ.

ಮನೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ, ನೌಕರಿ ಕಮಲಾಪುರದ ಒಂದು ಶಾಲೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಟೀಚರು ನಾನು. ಹೀಗಾಗಿ ನನ್ನ ಫಜೀತಿಗಳು ಎರಡೂ ಊರಿಗೆ ಹಂಚಿಹೋಗಿವೆ.

ಹೂವು ಯಾತಕ್ಕ?

ಶರಬತ್ತಿಗೆ ದೊಡ್ಡ ದೊಡ್ಡ ಹೈಬ್ರಿಡ್ ಗುಲಾಬಿ ನಡೆಯುವುದಿಲ್ಲ. ಜವಾರಿ ಗುಲಾಬಿಯೇ ಬೇಕು, ಘಮ ಇರುವುದು ಅದರಲ್ಲಿ. ಕಮಲಾಪುರದ ಸಂತೆಯಲ್ಲಿ ಒಬ್ಬ ಹೂವಿನಾಕೆಯ ಬುಟ್ಟಿಯಲ್ಲಿ ಅಂಥ ಹೂವು ಕಂಡಿತು. "ಅಷ್ಟೂ ಕೊಡವಾ" ಅಂದೆ.

"ಪೂಜಾಕೇನ್ರಿ ಟೀಚರ್, ದರ್ಗಾಕೇನ್ರಿ?"

"ಎರಡಕ್ಕೂ ಅಲ್ಲ."

ಆಕೆ ದನಿ ಇಳಿಸಿದಳು. "ಮನ್ಯಾಗ ಯಾರರೆ ಹೋದರೇನ್ರಿ?"

"ಯಾರೂ ಹೋಗಿಲ್ಲವಾ. ಕುಡ್ಯಾಕ ಬೇಕಾಗ್ಯಾವ."

ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಸಕ್ಕರೆ ಪಾಕ, ಏಲಕ್ಕಿ ಎಂದು ವಿವರಿಸುವಷ್ಟರಲ್ಲಿ ಪಕ್ಕದ ಬದನೆಕಾಯಿಯವಳಿಗೆ ಸುದ್ದಿ ಮುಟ್ಟಿ, ಆಕೆಯಿಂದ ಮೆಣಸಿನಕಾಯಿಯವನಿಗೆ ದಾಟಿತ್ತು.

ಮರುದಿನ ಶಾಲೆಯ ಬಾಗಿಲಲ್ಲಿ ಒಬ್ಬ ಹುಡುಗನ ತಂದೆ ನಿಂತಿದ್ದ. ಎಷ್ಟು ಸಲ ಹೇಳಿ ಕಳಿಸಿದರೂ ಶಾಲೆಯ ಕಡೆ ತಲೆ ಹಾಕದವನು. ನನಗೆ ಖುಷಿಯಾಯಿತು. "ಬರ್ರಿ, ಮಗ ಹ್ಯಾಂಗ ಓದಾಕತ್ತಾನ ಅಂತ ಕೇಳಾಕ ಬಂದೀರೇನ್ರಿ?"

"ಅವನ್ದೇನ್ರಿ, ಓದ್ತಾನ ಬಿಡ್ರಿ" ಎಂದು ಆಚೀಚೆ ನೋಡಿ ಮೆಲ್ಲಗೆ ಕೇಳಿದ, "ನೀವು ಗುಲಾಬಿದು ಏನೋ ಹೊಸಾ ದಾರೂ ತಗೀತೀರಂತಲ್ರಿ, ಬಾಟ್ಲಿ ಹ್ಯಾಂಗ?"

ಅಂದಾಜು

ನನಗೆ ಶರಬತ್ತು ಕಲಿಸಿದವರು ಪಕ್ಕದ ಮನೆಯ ಖಾಲಾ. ಅವರು ಮಾಡಿದ ಶರಬತ್ತಿನ ಒಂದು ಗುಟುಕು ಒಳಗೆ ಹೋದರೆ ಸಾಕು, ಬಿಸಿಲಿನ ಮೇಲಿನ ಸಿಟ್ಟೆಲ್ಲ ಇಳಿದುಹೋಗುತ್ತದೆ. ಕಾಂಪೌಂಡಿನ ಆಚೆ ಅವರು, ಈಚೆ ನಾನು.

"ಸಕ್ಕರಿ ಎಷ್ಟ್ ಹಾಕ್ಲಿ ಖಾಲಾ?"

"ಅಂದಾಜ್ ಸೇ."

"ಎಷ್ಟೊತ್ತು ಕುದಸ್ಲಿ?"

"ಅಂದಾಜ್ ಸೇ."

"ಖಾಲಾ, ನಿಮ್ಮ ಅಂದಾಜು ನನಗ ಹ್ಯಾಂಗ ಬರಬೇಕು?"

"ಕೆಡಸ್ರಿ, ಬರ್ತದ. ನಾ ಭಾಳ ಸಲ ಕೆಡಸೀನಿ. ಪ್ರತಿ ಸಲ ನಮ್ಮ ಸಾಸು ಬೈದಾರ. ನಿಮ್ಮ ಅತ್ತಿ ಮನ್ಯಾಗ ಅದಾರಲ್ಲ?"

"ಅದಾರ."

"ಹಂಗಾದ್ರ ಲಗೂನ ಕಲೀತೀರಿ" ಅಂದರು.

ಬಣ್ಣ

ಗುಲಾಬಿ ಕುದಿಸಿದರೆ ಘಮ ಉಳಿಯುತ್ತದೆ, ಬಣ್ಣ ಓಡಿಹೋಗುತ್ತದೆ. ನನ್ನ ಮೊದಲ ಶರಬತ್ತು ಚಹಾ ಪಾತ್ರೆ ತೊಳೆದ ನೀರಿನಂತೆ ಕಾಣುತ್ತಿತ್ತು. ಅದಕ್ಕೇ ಮುಂದಿನ ಸಲ ಒಂದು ದೊಡ್ಡ ಬೀಟ್‌ರೂಟ್ ತುರಿದು, ಹಿಂಡಿ, ಪಾಕಕ್ಕೆ ಸೇರಿಸಿದೆ. ಏನು ಬಣ್ಣ ಅಂತೀರಿ! ಮದುವೆ ಸೀರೆ ಅದರ ಮುಂದೆ ಸಪ್ಪೆ. ನಮ್ಮವರು ಗ್ಲಾಸಿನ ಮೇಲೆ ಗ್ಲಾಸು ಕುಡಿದರು. ಬೀಟ್‌ರೂಟಿನ ವಿಷಯ ನಾನು ಹೇಳಲಿಲ್ಲ. ಆ ಗಡ್ಡೆಯನ್ನು ಕಂಡರೆ ಅವರಿಗೆ ಆಗುವುದಿಲ್ಲ.

ಬೆಳಿಗ್ಗೆ ಬಚ್ಚಲಿನಿಂದ ಹೊರಬಂದವರ ಮುಖ ಬಿಳಿಚಿಕೊಂಡಿತ್ತು. "ಲಗೂ ನಡಿ, ದವಾಖಾನಿಗಿ ಹೋಗೂಣು" ಅಂದರು. ಯಾಕೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ದಾರಿಯುದ್ದಕ್ಕೂ ಮನೆಯ ಕಾಗದಪತ್ರ ಯಾವ ಕಪಾಟಿನಲ್ಲಿವೆ, ಅವ್ವನನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹೇಳುತ್ತಲೇ ಬಂದರು.

ಡಾಕ್ಟರ ಮುಂದೆ ತಲೆ ತಗ್ಗಿಸಿ ಅಂದರು, "ಸಾಹೇಬ್ರ, ಮೂತ್ರ ಕೆಂಪಗ ಹೊಂಟದ್ರಿ."

"ಬೀಟ್‌ರೂಟ್ ತಿಂದೀರೇನು?"

"ಹುಟ್ಟಿದಾಗಿಂದ ಮುಟ್ಟಿಲ್ರಿ."

ಡಾಕ್ಟರು ಗಂಭೀರವಾದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎನ್ನತೊಡಗಿದರು. ಇನ್ನು ತಡೆಯಲಾಗದೆ ನಾನೇ ಬಾಯಿಬಿಟ್ಟೆ. "ನಿನ್ನಿ ಶರಬತ್ತಿನ್ಯಾಗ ಹಾಕಿದ್ದೆ ಡಾಕ್ಟರ್."

ನಮ್ಮವರು ನನ್ನನ್ನು ನೋಡಿದ ನೋಟ ನೋಡಬೇಕಿತ್ತು. ಬದುಕಿದೆ ಎಂಬ ಖುಷಿಗಿಂತ ಬೀಟ್‌ರೂಟ್ ಕುಡಿದೆ ಎಂಬ ದುಃಖವೇ ದೊಡ್ಡದಿತ್ತು.

ಡಾಕ್ಟರು ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಖರೇನ ಅದರ ವಾಸನಿ ಬರಂಗಿಲ್ಲೇನ್ರಿ ಮೇಡಂ? ನಮ್ಮ ಮಕ್ಕಳೂ ಬೀಟ್‌ರೂಟ್ ತಿನ್ನಂಗಿಲ್ಲ. ಮಾಡೋದು ಹ್ಯಾಂಗ, ಸ್ವಲ್ಪ ಬರಕೊಡ್ರಿ."

ಅವತ್ತು ಆ ದವಾಖಾನೆಯಲ್ಲಿ ಚೀಟಿ ಬರೆದವಳು ನಾನು, ತಗೊಂಡವರು ಡಾಕ್ಟರು.

ಬಸ್ಸಿನಲ್ಲಿ ರಕ್ತ

ಶಾಲೆಯ ಸಹೋದ್ಯೋಗಿಗಳಿಗೆಂದು ಒಮ್ಮೆ ಅದೇ ಬೀಟ್‌ರೂಟ್ ಬಣ್ಣದ ಶರಬತ್ತನ್ನು ಬಾಟಲಿಗೆ ತುಂಬಿಕೊಂಡು ಕಮಲಾಪುರದ ಬಸ್ ಹತ್ತಿದೆ. ಚೀಲವನ್ನು ಮುಂದಿನ ಸೀಟುಗಳ ಮೇಲಿನ ಸಾಮಾನಿನ ರ್ಯಾಕಿನಲ್ಲಿ ಇಟ್ಟೆ, ಜಾಗ ಸಿಕ್ಕಿದ್ದು ಹಿಂದಿನ ಸೀಟಿನಲ್ಲಿ. ಮುಚ್ಚಳ ಸಡಿಲವಾಗಿತ್ತೆಂದು ಕಾಣುತ್ತದೆ. ಚೀಲದ ಕೆಳಗೆ ಕುಳಿತು ನಿದ್ದೆ ಹೊಡೆಯುತ್ತಿದ್ದ ಒಬ್ಬ ಬೋಳುತಲೆಯ ಕಾಕಾನ ಮೇಲೆ ಹನಿ ಬೀಳತೊಡಗಿತು.

"ಅಯ್ಯಯ್ಯೋ, ರಕ್ತ!" ಎಂದು ಯಾರೋ ಕೂಗಿದರು. ಡ್ರೈವರು ಗಕ್ಕನೆ ಬ್ರೇಕು ಹಾಕಿದ. ಕಂಡಕ್ಟರು ಓಡಿಬಂದ. "ಕಾಕಾ, ಎಲ್ಲಿ ಪೆಟ್ಟು ಹತ್ತೀತು?"

ಎಚ್ಚರವಾದ ಕಾಕಾ ತಲೆ ಸವರಿಕೊಂಡು ಕೈ ನೋಡಿಕೊಂಡ. ಕೈ ಕೆಂಪು. "ನಾ ಹ್ವಾದೆ!" ಎಂದು ಮತ್ತೆ ಸೀಟಿಗೆ ಒರಗಿದ.

ನಾನು ಹಿಂದಿನಿಂದ "ಅದು ಶರಬತ್ ರೀ, ಶರಬತ್!" ಎಂದು ಕೂಗುತ್ತಿದ್ದೆ. ಯಾರು ಕೇಳುತ್ತಾರೆ? ಅಷ್ಟರಲ್ಲಿ ಕಾಕಾನ ಪಕ್ಕದಲ್ಲಿದ್ದ ಮುದುಕಿ ಅವನ ಬೋಳಿನ ಮೇಲೆ ಒಂದು ಬೆರಳು ಆಡಿಸಿ, ಬಾಯಿಗೆ ಇಟ್ಟುಕೊಂಡಳು.

"ಯಮ್ಮಾ, ಯಾರ ರಕ್ತ ನೆಕ್ಕಾಕತ್ತೀ?" ಎಂದ ಕಂಡಕ್ಟರು.

"ಯಾರದರೆ ಇರಲಿ" ಅಂದಳು ಮುದುಕಿ, "ಯಾಲಕ್ಕಿ ಛಲೋ ಹಾಕ್ಯಾರ."

ಉಬ್ಬದ ಬೀಜ

ನಮ್ಮ ನಾದಿನಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಹುಡುಗ, ಅವನ ತಂದೆ ತಾಯಿ. ಒಳ್ಳೆಯ ಮನೆತನ. ಹಿಂದೆ ಎರಡು ಸಂಬಂಧ ಕೈತಪ್ಪಿ ಅತ್ತೆ ಸೋತಿದ್ದರು, ಇದೊಂದು ಕುದುರಲಿ ಎಂದು ಸೋಮವಾರ ಉಪವಾಸ ಹಿಡಿದಿದ್ದರು.

ಬೇಸಿಗೆ, ಚಹಾ ಯಾಕೆಂದು ಶರಬತ್ತು ಕೊಡುವುದೆಂದಾಯಿತು. ನಾನು ನಾದಿನಿಗೆ ಸೀರೆ ಉಡಿಸುತ್ತಿದ್ದೆ. ಶರಬತ್ತಿಗೆ ಹಾಕುವ ಸಬ್ಜಾ ಬೀಜ ನೆನೆಸುವ ಕೆಲಸವನ್ನು ನಮ್ಮವರಿಗೆ ವಹಿಸಿದೆ. ಸಣ್ಣ ಕರಿ ಬೀಜ, ನೀರಿಗೆ ಹಾಕಿದರೆ ಉಬ್ಬಿ ಮೆತ್ತಗಾಗುತ್ತವೆ, ಅಷ್ಟೇ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೇಳಿದರು, "ಏನಿವು, ಉಬ್ಬವಲ್ಲವಲ್ಲ?"

"ಇನ್ನಷ್ಟು ಹಾಕ್ರಿ" ಅಂದೆ, ನೀರು ಎಂಬ ಅರ್ಥದಲ್ಲಿ. ಅವರು ಬೀಜ ಹಾಕಿದರು.

ನಾದಿನಿ ತಟ್ಟೆ ಹಿಡಿದು ಹೋದಳು. ಗಂಡಿನವರು ಗ್ಲಾಸು ಎತ್ತಿದರು. ಪಡಸಾಲೆಯಲ್ಲಿ ಮಾತು ನಿಂತಿತು. ಕಟಂ ಕಟಂ ಎಂಬ ಸದ್ದು ಮಾತ್ರ. ಹುಡುಗನ ತಾಯಿಯ ಕಣ್ಣಲ್ಲಿ ನೀರು. ನನಗೆ ಅನುಮಾನ ಬಂದು ಅಡುಗೆಮನೆಗೆ ಹೋಗಿ, ಬಟ್ಟಲಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ. ಸಾಸಿವೆ!

ನಾನು ಹೊರಗೆ ಓಡಿಬರುವಷ್ಟರಲ್ಲಿ ಹುಡುಗನ ತಂದೆ ಗ್ಲಾಸು ಕೆಳಗಿಟ್ಟು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು, "ಅಕ್ಕಾರ, ನಮ್ಮ ಕಡಿ ಶರಬತ್ತಿಗಿ ಒಗ್ಗರಣಿ ಹಾಕೋ ಪದ್ಧತಿ ಇಲ್ರಿ. ನಿಮ್ಮಲ್ಲಿ ಅದ ಏನ್ರಿ?"

ಅತ್ತೆ ಕಣ್ಣು ಪಿಳುಕಿಸದೆ ಅಂದರು, "ಅದ ರೀ. ಬ್ಯಾಸಗಿಗಿ ಭಾಳ ಥಂಪು."

"ಹೌದ್ರಿ" ಅಂದರು ಹುಡುಗನ ತಾಯಿ, ಮೂಗು ಒರೆಸಿಕೊಳ್ಳುತ್ತ. "ಮೂಗು ಬಿಚ್ಚತದ."

ಅವರು ಹೋದ ಮೇಲೆ ಅತ್ತೆ ತಲೆ ಮೇಲೆ ಕೈ ಹೊತ್ತು ಕುಳಿತರು. ನಮ್ಮವರು ಮೂಲೆ ಹಿಡಿದರು. ಆಗ ನಾದಿನಿ ಬಂದು ನಿಂತಳು. "ಯವ್ವಾ, ನನಗ ಹುಡುಗ ಒಪ್ಪಿಗಿ ಅದ."

"ಏನ್ ನೋಡಿ ಒಪ್ಪಿದ್ಯವಾ?"

"ಗ್ಲಾಸ್ ಪೂರಾ ಖಾಲಿ ಮಾಡ್ಯಾನ. ಹ್ಯಾಂಗದ್ರಿ ಅಂದ್ರ ಛಲೋ ಅದ್ರಿ ಅಂದ. ನನ್ನ ಅಡಿಗಿ ಹ್ಯಾಂಗದ ನಿನಗ ಗೊತ್ತಿಲ್ಲೇನು? ಇಂಥಾ ಗಂಡು ಮತ್ತ ಸಿಗಂಗಿಲ್ಲ!"

ಸಂಜೆ ಹುಡುಗನ ತಂದೆಯ ಫೋನು ಬಂತು. ಅತ್ತೆ ಫೋನು ಕಿವಿಗಿಟ್ಟುಕೊಂಡರು.

"ಹುಡುಗಿ ನಮಗ ಪಸಂದ್ ಆಗ್ಯಾಳ್ರಿ. ಕೊಡೋದು ತಗೊಳೋದು ಏನೂ ಬ್ಯಾಡ" ಎಂದರು ಅವರು. "ಆದ್ರ ಒಂದ ಒಂದು ಶರ್ತ್ ಅದ ರೀ ಅಕ್ಕಾರ. ಮದಿವ್ಯಾಗ ಶರಬತ್ತು ಮಾತ್ರ ನಮ್ಮ ಕಡಿಯವರೇ ಮಾಡ್ತಾರ."